ಬೋಗಿಯ ಹೊಟ್ಟೆಯಲ್ಲೇ ಬಾಯ್ಲರ್: ತಾನೇ ಓಡುತ್ತಿದ್ದ ಉಗಿಬಂಡಿಯ ಕಥೆ

[ದೃಶ್ಯ: ಬೆಂಗಳೂರು ಸ್ಟೇಷನ್. ಮೆಮು ರೈಲು ಬಂದು ನಿಲ್ಲುತ್ತದೆ]

ನಮಸ್ಕಾರ. ಕರೆಂಟಿನಲ್ಲಿ ಓಡುವ ಮೆಮು ರೈಲಿನಲ್ಲಿ ಓಡಾಡುವವರು ಇದನ್ನು ನೋಡಿರುತ್ತೀರಿ. ಕೊನೆಯ ಸ್ಟೇಷನ್ ಬಂತು. ಡ್ರೈವರ್ ಬ್ಯಾಗು ಹಿಡಿದು ಇಳಿದರು. ಪ್ಲಾಟ್‌ಫಾರಂ ಉದ್ದಕ್ಕೂ ನಡೆದು ಹಿಂದಿನ ತುದಿಯ ಕ್ಯಾಬಿನ್ ಹತ್ತಿದರು. ಅಷ್ಟೇ, ರೈಲು ವಾಪಸ್ ಹೊರಡಲು ತಯಾರು. ಎಂಜಿನ್ ಬಿಚ್ಚಿ ಆ ಕಡೆಗೆ ತಂದು ಕಟ್ಟುವ ರಗಳೆಯೇ ಇಲ್ಲ.

ಇದೆಲ್ಲ ಕರೆಂಟ್ ಬಂದ ಮೇಲಿನ ಜಾಣತನ ಅಂದುಕೊಂಡಿದ್ದೀರಾ? ಇಲ್ಲ. ಇಂಗ್ಲೆಂಡಿನವರು ಕಲ್ಲಿದ್ದಲಿನ ಕಾಲದಲ್ಲೇ ಇದನ್ನು ಮಾಡಿ ನೋಡಿದ್ದರು. ಎರಡು ಸಲ ಮಾಡಿದರು, ಎರಡು ಸಲವೂ ಕೈಬಿಟ್ಟರು. ಎರಡನೇ ಸಲ ಕೈಬಿಟ್ಟ ಕಾರಣವಂತೂ ಮಜವಾಗಿದೆ.

[ದೃಶ್ಯ: 1840ರ ದಶಕದ ಲಂಡನ್, ರೇಖಾಚಿತ್ರ]

ಮೊದಲ ಸಲ, 1847. ಲಂಡನ್ನಿನ ಬೋ ಎಂಬಲ್ಲಿ ಫೇರ್‌ಫೀಲ್ಡ್ ವರ್ಕ್ಸ್ ಅಂತ ಒಂದು ಕಾರ್ಖಾನೆ. ಅದರ ಯಜಮಾನ ವಿಲಿಯಂ ಬ್ರಿಡ್ಜಸ್ ಆಡಮ್ಸ್. ಕುದುರೆ ಸಾರೋಟು ಮಾಡುವವರ ಮನೆಯಲ್ಲಿ ಹುಟ್ಟಿದವನು. ಇವನ ಹೆಸರು ನಮಗೆ ಗೊತ್ತಿಲ್ಲದಿದ್ದರೂ ಇವನ ಇನ್ನೊಂದು ಕೆಲಸ ಗೊತ್ತು. ಹಳಿಗೆ ಹಳಿ ಜೋಡಿಸುವ ಫಿಶ್‌ಪ್ಲೇಟ್ ಇದೆಯಲ್ಲ? "ಫಿಶ್‌ಪ್ಲೇಟ್ ಕಿತ್ತಿದ್ದಾರೆ" ಅಂತ ಪೇಪರ್‌ನಲ್ಲಿ ಆಗಾಗ ಓದುತ್ತೇವಲ್ಲ, ಅದೇ. ಅದು ಇವನದ್ದೇ.

ಸಾರೋಟು ಮಾಡುವವನ ಕಣ್ಣಿಗೆ ಅವತ್ತಿನ ರೈಲು ದುಂದು ಅನ್ನಿಸಿತು. ಚಿಕ್ಕ ಊರಿನ ಲೈನಿನಲ್ಲಿ ಹತ್ತುವವರು ಇಪ್ಪತ್ತೋ ಮೂವತ್ತೋ ಜನ. ಅವರನ್ನು ಎಳೆಯಲು ಟನ್‌ಗಟ್ಟಲೆ ತೂಕದ ಎಂಜಿನ್. ಜನರಿಗಿಂತ ಎಂಜಿನ್ನನ್ನು ಹೊರುವುದಕ್ಕೇ ಕಲ್ಲಿದ್ದಲು ಜಾಸ್ತಿ! ಎಂಜಿನ್ನನ್ನೇ ಚಿಕ್ಕದು ಮಾಡಿ ಬಂಡಿಯೊಳಗೆ ಕೂರಿಸಿದರೆ ಹೇಗೆ?

ಈಸ್ಟರ್ನ್ ಕೌಂಟೀಸ್ ರೈಲ್ವೆಯ ಎಂಜಿನಿಯರ್ ಜೇಮ್ಸ್ ಸ್ಯಾಮ್ಯುಯೆಲ್ ಜೊತೆ ಸೇರಿ ಆಡಮ್ಸ್ ಒಂದು ಪುಟ್ಟ ಬಂಡಿ ಮಾಡಿದ. ಹೆಸರು "ಎಕ್ಸ್‌ಪ್ರೆಸ್". ಉದ್ದ ಹನ್ನೆರಡೂವರೆ ಅಡಿ, ಅಂದರೆ ನಮ್ಮ ಮಾರುತಿ ಕಾರಿನಷ್ಟು. ಕೂರಲು ಜಾಗ 7 ಜನಕ್ಕೆ. ಅಷ್ಟು ಪುಟ್ಟದು ಗಂಟೆಗೆ 40 ಮೈಲಿ ದಾಟಿ ಓಡಿತು. ಮೈಮೇಲೆ ಸರಿಯಾದ ಮುಚ್ಚಿಗೆ ಇಲ್ಲದೆ, ಬಿಸಿ ಬಾಯ್ಲರ್ ಪಕ್ಕ ಕೂತು ಆ ವೇಗದಲ್ಲಿ ಹೋಗುವುದನ್ನು ಸುಮ್ನೆ ಕಲ್ಪಿಸಿಕೊಳ್ಳಿ.

ಇದು ಲೈನ್ ತಪಾಸಣೆಗೆ ಮಾಡಿದ್ದು. ಜನರನ್ನು ಹೊರಲು ಮರುವರ್ಷ "ಫೇರ್‌ಫೀಲ್ಡ್" ಬಂತು. ಬ್ರಿಸ್ಟಲ್ ಅಂಡ್ ಎಕ್ಸೆಟರ್ ರೈಲ್ವೆಯ 7 ಅಡಿ ಅಗಲದ ಹಳಿಗಾಗಿ ಮಾಡಿದ್ದು. ಮೊದಲ ದರ್ಜೆಯಲ್ಲಿ 16, ಎರಡನೇ ದರ್ಜೆಯಲ್ಲಿ 32 ಸೀಟು. 1849ರಲ್ಲಿ "ಎನ್‌ಫೀಲ್ಡ್". ಅದನ್ನು ಆಮೇಲೆ ಬೋಗಿಯಿಂದ ಬೇರ್ಪಡಿಸಿ ಮಾಮೂಲಿ ಎಂಜಿನ್ ಮಾಡಿಬಿಟ್ಟರು. ಐಡಿಯಾ ಅಲ್ಲಿಗೆ ತಣ್ಣಗಾಯಿತು.

[ದೃಶ್ಯ: ಟ್ರಾಮ್, ಪೇಟೆ ಬೀದಿ, 1900ರ ಸುಮಾರು]

ಅರ್ಧ ಶತಮಾನದ ನಂತರ ಮತ್ತೆ ಅದಕ್ಕೆ ಜೀವ ಬಂದದ್ದು ಟ್ರಾಮ್ ಭಯದಿಂದ. ಎಲೆಕ್ಟ್ರಿಕ್ ಟ್ರಾಮ್ ಮನೆ ಬಾಗಿಲಲ್ಲೇ ಹತ್ತಿಸಿಕೊಳ್ಳುವಾಗ ಸ್ಟೇಷನ್ ತನಕ ನಡೆಯುವವರು ಯಾರು? ಪಶ್ಚಿಮ ಇಂಗ್ಲೆಂಡಿನ ಸ್ಟ್ರೌಡ್ ಕಣಿವೆಗೂ ಟ್ರಾಮ್ ಬರುವ ಮಾತು ಎದ್ದಾಗ, ಗ್ರೇಟ್ ವೆಸ್ಟರ್ನ್ ರೈಲ್ವೆ ಪಕ್ಕದ ಕಂಪನಿಯಿಂದ ಡ್ರಮಂಡ್ ಎಂಬ ಎಂಜಿನಿಯರ್ ಮಾಡಿದ ಉಗಿ ಬೋಗಿಯನ್ನು ಕಡ ತಂದು ಓಡಿಸಿ ನೋಡಿತು. ಆಮೇಲೆ ತನ್ನದೇ ಮಾಡಿಕೊಂಡಿತು. 1903ರ ಅಕ್ಟೋಬರ್ 12ಕ್ಕೆ ಸ್ಟೋನ್‌ಹೌಸ್‌ನಿಂದ ಚಾಲ್‌ಫರ್ಡ್‌ಗೆ "ರೈಲ್ ಮೋಟಾರ್" ಶುರು.

ಇದರ ಒಳಗೆ ಹೋಗೋಣ ಬನ್ನಿ.

[ದೃಶ್ಯ: ಬೋಗಿಯ ಅಡ್ಡಸೀಳು ಚಿತ್ರ, ಒಂದು ತುದಿಯಿಂದ ಇನ್ನೊಂದಕ್ಕೆ ಕ್ಯಾಮೆರಾ]

ಹೊರಗಿನಿಂದ ನೋಡಿದರೆ ಉದ್ದನೆಯ ಬೋಗಿ, ಒಂದು ತುದಿಯಲ್ಲಿ ಮಾತ್ರ ಹೊಗೆ ಕೊಳವೆ. ಆ ತುದಿಯ ಚಿಕ್ಕ ಕೋಣೆಯಲ್ಲಿ ಬಾಯ್ಲರ್ ನಿಂತಿದೆ. ಹೌದು, ನಿಂತಿದೆ. ಮಾಮೂಲಿ ಎಂಜಿನ್ನಿನ ಬಾಯ್ಲರ್ ಮಲಗಿರುತ್ತದೆ, ಇದು ಹಂಡೆಯ ಹಾಗೆ ನೆಟ್ಟಗೆ. ಜಾಗ ಉಳಿಯಲಿ ಅಂತ. ಕೆಳಗೆ ಗಾಲಿಗಳ ಚೌಕಟ್ಟು, ಅದರ ಮೇಲೇ ಬಾಯ್ಲರ್, ಪಕ್ಕದಲ್ಲಿ ಉಗಿಯ ಬಲದಿಂದ ಗಾಲಿ ತಿರುಗಿಸುವ ಸಿಲಿಂಡರ್. ತಿರುವು ಬಂದಾಗ ಬೋಗಿಯ ಮೈ ಒಂದು ಕಡೆ, ಬಾಯ್ಲರ್ ಗಾಲಿಗಳ ಜೊತೆ ಸ್ವಲ್ಪ ಇನ್ನೊಂದು ಕಡೆ ತಿರುಗುತ್ತದೆ. ಅಂದಹಾಗೆ, ಬೋಗಿ ಅಂದರೆ ನಿಜವಾಗಿ ಈ ಗಾಲಿ ಚೌಕಟ್ಟು. ಇಡೀ ಡಬ್ಬಿಗೇ ಬೋಗಿ ಅನ್ನುವವರು ನಾವು. ಇರಲಿ, ನಾನೂ ಹಾಗೇ ಅನ್ನುತ್ತೇನೆ.

ಮಧ್ಯದಲ್ಲಿ 52 ಸೀಟು. ಆ ಕೊನೆಯಲ್ಲಿ ಇನ್ನೊಂದು ಕ್ಯಾಬಿನ್. ವಾಪಸ್ ಬರುವಾಗ ಡ್ರೈವರ್ ಆ ತುದಿಗೆ ಹೋಗುತ್ತಾನೆ. ಆದರೆ ಬೆಂಕಿ ಈ ತುದಿಯಲ್ಲೇ ಉಳಿಯಿತಲ್ಲ? ಅದಕ್ಕೆ ಫೈರ್‌ಮ್ಯಾನ್ ಇಲ್ಲೇ. ಕಲ್ಲಿದ್ದಲು ಹಾಕುವವನು ಹಿಂದೆ, ಓಡಿಸುವವನು ಮುಂದೆ. ಉಗಿ ಬಿಡುವ ರೆಗ್ಯುಲೇಟರಿಗೆ ಒಂದು ಉದ್ದನೆಯ ಕಬ್ಬಿಣದ ಸರಳು ಕಟ್ಟಿ, ಬೋಗಿಯ ಆ ತುದಿಯವರೆಗೂ ಎಳೆದಿದ್ದರು. ಮಾತು ಬೇಕಾದರೆ ಬೆಲ್. ಒಬ್ಬರ ಮುಖ ಒಬ್ಬರಿಗೆ ಕಾಣದೆ ಒಂದೇ ಗಾಡಿ ಓಡಿಸುವುದು!

ನಿಲ್ಲಿಸುತ್ತಿದ್ದದ್ದು ಎಲ್ಲಿ ಗೊತ್ತಾ? ರೈಲ್ವೆ ಗೇಟುಗಳ ಹತ್ತಿರ. ಸೇಂಟ್ ಮೇರೀಸ್ ಕ್ರಾಸಿಂಗ್, ಹ್ಯಾಮ್ ಮಿಲ್ ಕ್ರಾಸಿಂಗ್, ಹೀಗೆ. ಮೊದಮೊದಲು ಅಲ್ಲಿ ಪ್ಲಾಟ್‌ಫಾರಂ ಕೂಡ ಇರಲಿಲ್ಲ. ಬೋಗಿಯ ಬಾಗಿಲಿಂದ ಮೆಟ್ಟಿಲು ಕೆಳಗಿಳಿಯುತ್ತಿತ್ತು, ಜನ ನೆಲದಿಂದಲೇ ಹತ್ತುತ್ತಿದ್ದರು. ಟಿಕೆಟ್ ಒಳಗೇ. ನಮ್ಮ ಬಸ್ಸಿನ ಕಂಡಕ್ಟರ್ ನೆನಪಾಗಲಿಲ್ವಾ?

ಜನ ಮುಗಿಬಿದ್ದರು. ತೊಂದರೆ ಶುರುವಾದದ್ದು ಅಲ್ಲೇ. 52 ಸೀಟಿಗೆ ಅದಕ್ಕಿಂತ ಜಾಸ್ತಿ ಜನ. ಇನ್ನೊಂದು ಡಬ್ಬಿ ಕಟ್ಟೋಣ ಅಂದರೆ ಆ ಪುಟ್ಟ ಬಾಯ್ಲರ್‌ಗೆ ಉಸಿರು ಸಾಲದು, ಏರು ಬಂದರಂತೂ ಮುಗಿಯಿತು. ಜನ ಬಾರದಿದ್ದರೆ ನಷ್ಟ, ಬಂದರೆ ಹೊರಲಾಗದು. ಇನ್ನೊಂದು ತಲೆನೋವು ಶೆಡ್ಡಿನದು. ಎಂಜಿನ್ ಬೂದಿ ತೆಗೆಯಲು ಲೋಕೋ ಶೆಡ್ಡಿಗೆ ಹೋದರೆ ಸೀಟು, ಕಿಟಕಿಗಳೂ ಜೊತೆಗೇ ಹೋಗಬೇಕು. ಮಸಿ ಹಿಡಿದ ಆ ಶೆಡ್ಡಿನಿಂದ ಬೆಳಗ್ಗೆ ಬೋಗಿ ಹೊರಬಂದಾಗ, ಬಿಳಿ ಅಂಗಿ ಹಾಕಿದವರ ಗತಿ ಹೇಳಬೇಕಾ?

ಗ್ರೇಟ್ ವೆಸ್ಟರ್ನ್ 1908ರ ಹೊತ್ತಿಗೆ 99 ರೈಲ್ ಮೋಟಾರ್ ಕಟ್ಟಿತ್ತು. 1935ರೊಳಗೆ ಎಲ್ಲಕ್ಕೂ ನಿವೃತ್ತಿ. ಹಲವನ್ನು ಗುಜರಿಗೆ ಹಾಕಲಿಲ್ಲ. ಬಾಯ್ಲರ್ ಕಿತ್ತು ಬರೀ ಬೋಗಿ ಮಾಡಿ, ಬೇರೊಂದು ಚಿಕ್ಕ ಎಂಜಿನ್ ಕಟ್ಟಿದರು. ತುದಿಯ ಕ್ಯಾಬಿನ್ ಮತ್ತು ಆ ಉದ್ದನೆ ಸರಳಿನ ಉಪಾಯ ಮಾತ್ರ ಹಾಗೇ ಉಳಿಸಿಕೊಂಡರು. ಜನ ಜಾಸ್ತಿಯಾದರೆ ಇನ್ನೊಂದು ಡಬ್ಬಿ ಸೇರಿಸಬಹುದು, ಎಂಜಿನ್ ಕೆಟ್ಟರೆ ಬೇರೆ ತರಬಹುದು.

[ದೃಶ್ಯ: ಡಿಡ್‌ಕಾಟ್ ರೈಲ್ವೆ ಸೆಂಟರ್, 93ನೇ ನಂಬರಿನ ರೈಲ್ ಮೋಟಾರ್]

ಹಾಗೆ ಬಾಯ್ಲರ್ ಕಳೆದುಕೊಂಡವುಗಳಲ್ಲಿ ಒಂದು, 1908ರ 93ನೇ ನಂಬರ್. ಡಿಡ್‌ಕಾಟ್ ರೈಲ್ವೆ ಮ್ಯೂಸಿಯಂನವರು ಅದಕ್ಕೆ ಮತ್ತೆ ಉಗಿ ಎಂಜಿನ್ ಮಾಡಿಸಿ ಕೂರಿಸಿ, 2011ರಲ್ಲಿ ಹಳಿಗೆ ತಂದರು. ನೋಡಿ, ಈಗ ಹೊರಡುತ್ತಿದೆ. ಡ್ರೈವರ್ ಈ ತುದಿಯಲ್ಲಿ. ಆ ತುದಿಯ ಹೊಗೆ ಕೆಳಗೆ ಫೈರ್‌ಮ್ಯಾನ್ ಇದ್ದಾನೆ, ನಮಗೆ ಕಾಣುತ್ತಿಲ್ಲ ಅಷ್ಟೇ.