ಐವತ್ತೆರಡನೆಯ ಹೆಸರು

ಕೇಳುಗರಿಗೆ ನಮಸ್ಕಾರ.

ನಾನು ಕಾಲೇಜಿನಲ್ಲಿ ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದ ಕಾಲಕ್ಕೆ ನಮ್ಮ ತಂಡದಲ್ಲಿ ಆರಡಿ ನಾಲ್ಕಿಂಚಿನ ಹುಡುಗನೊಬ್ಬನಿದ್ದ. ಸಿಟಿ ಬಸ್ಸಿನಲ್ಲಿ ಕತ್ತು ಬಗ್ಗಿಸಿಕೊಂಡೇ ನಿಲ್ಲಬೇಕು. "ಏನ್ ಸಾರ್, ಮೇಲ್ಗಡೆ ಮಳೆ ಶುರುವಾಯ್ತಾ?" ಎಂದು ಕಂಡಕ್ಟರ್ ಕೇಳದ ದಿನವಿಲ್ಲ. ಅವನು ಕ್ಯಾಂಟೀನಿನ ಬಾಗಿಲಿಗೆ ಹಣೆ ಜಜ್ಜಿಕೊಂಡದ್ದನ್ನು ನೋಡಿ ನಮ್ಮ ಕೋಚ್ ಅಲ್ಲಿಂದಲೇ ಅಂಕಣಕ್ಕೆ ಕರೆತಂದರು. ಬುಟ್ಟಿಯ ಕೆಳಗೆ ನಿಲ್ಲಿಸಿ, "ಬಂದ ಚೆಂಡು ಹಿಡಿ. ಹಿಡಿದ ಮೇಲೆ ಕೆಳಗೆ ತರಬೇಡ" ಎಂದರು. ಅಷ್ಟೇ ತರಬೇತಿ. ಮೊದಲ ಪಂದ್ಯದಲ್ಲಿ ಚೆಂಡು ಹಿಡಿದ, ಖುಷಿಗೆ ಎದೆಗವುಚಿಕೊಂಡ. ಐದೂವರೆ ಅಡಿಯ ಒಬ್ಬ ಪುಟಾಣಿ ಬಂದು ಟಪ್ಪನೆ ಹೊಡೆದು ಚೆಂಡು ಕಿತ್ತುಕೊಂಡು ಓಡಿಯೇಬಿಟ್ಟ. ಗ್ಯಾಲರಿಯಲ್ಲಿ ಯಾರೋ ಕೂಗಿದರು, "ಬುದ್ಧಿ ಮೊಣಕಾಲಲ್ಲಿ!"

ಬುದ್ಧಿಯದೇನೂ ತಪ್ಪಿರಲಿಲ್ಲ. ಎತ್ತರದವನಿಗೆ ಚೆಂಡನ್ನು ತಲೆಯ ಮೇಲೆ ಹಿಡಿದಿಟ್ಟುಕೊಳ್ಳುವುದು ಅಭ್ಯಾಸವಾಗಲು ವರ್ಷಗಳೇ ಬೇಕು. ಆ ವರ್ಷಗಳನ್ನು ಅವನಿಗೆ ಯಾರೂ ಕೊಟ್ಟಿರಲಿಲ್ಲ.

ಇವತ್ತು ನಾನು ಹೇಳಹೊರಟಿರುವುದು ಅವನಿಗಿಂತ ಹತ್ತಿಂಚು ಎತ್ತರದ ಒಬ್ಬ ಹುಡುಗನ ಕಥೆ. ಸತ್ನಾಮ್ ಸಿಂಗ್ ಭಮರಾ. ಏಳಡಿ ಎರಡಿಂಚು. ಏಕವಚನದಲ್ಲಿ ಮಾತಾಡುತ್ತೇನೆ, ಕ್ಷಮಿಸಿ. ಈ ಕಥೆಯ ಬಹುಪಾಲಿನಲ್ಲಿ ಅವನಿನ್ನೂ ಹುಡುಗನೇ.

ಪಂಜಾಬಿನ ಬರ್ನಾಲಾ ಜಿಲ್ಲೆಯ ಬಲ್ಲೋಕೆ ಅವನ ಊರು. ಕೆಲವು ನೂರು ಜನರ ಹಳ್ಳಿ. ಹುಟ್ಟಿದ್ದು 1995ರ ಡಿಸೆಂಬರ್ 10ರಂದು. ಮನೆಯಲ್ಲಿ ಗೋಧಿಯ ಹೊಲ, ಒಂದು ಹಿಟ್ಟಿನ ಗಿರಣಿ. ತಂದೆ ಬಲಬೀರ್ ಸಿಂಗ್ ಅವರದೂ ಏಳಡಿ ದಾಟಿದ ಎತ್ತರ. ಹರೆಯದಲ್ಲಿ ಬಲಬೀರ್ ಅವರಿಗೂ ಬ್ಯಾಸ್ಕೆಟ್‌ಬಾಲ್ ಆಡು ಎಂದು ಹೇಳಿದವರಿದ್ದರಂತೆ. ಮನೆಯವರು ಹೊಲ ಬಿಟ್ಟು ಹೋಗಲು ಒಪ್ಪಲಿಲ್ಲ. ಮಗ ಒಂಬತ್ತು ಹತ್ತರ ವಯಸ್ಸಿಗೇ ದೊಡ್ಡವರ ಎತ್ತರಕ್ಕೆ ಬಂದಾಗ ಅಪ್ಪ ಅವನನ್ನು ಲೂಧಿಯಾನಾಕ್ಕೆ ಕಳಿಸಿದರು.

ಲೂಧಿಯಾನಾ ಎಂದರೆ ನಮಗೆ ನೆನಪಾಗುವುದು ಉಣ್ಣೆಯ ಸ್ವೆಟರು, ಸೈಕಲ್ಲು. ಬ್ಯಾಸ್ಕೆಟ್‌ಬಾಲ್ ಬಲ್ಲವರಿಗೆ ಅಲ್ಲಿಯ ಗುರುನಾನಕ್ ಸ್ಟೇಡಿಯಂ ನೆನಪಾಗುತ್ತದೆ. ಲೂಧಿಯಾನಾ ಬ್ಯಾಸ್ಕೆಟ್‌ಬಾಲ್ ಅಕಾಡೆಮಿ ಇರುವುದು ಅಲ್ಲೇ. ಕೋಚ್ ಎಸ್. ಸುಬ್ರಮಣಿಯನ್ ಹೊಲದಿಂದ ಬಂದ ಉದ್ದುದ್ದ ಹುಡುಗರನ್ನು ಸಾಲಾಗಿ ನಿಲ್ಲಿಸಿ ಮೊದಲು ಕಾಲು ಹಾಕುವುದನ್ನು ಕಲಿಸುತ್ತಿದ್ದರು. ಕೈಗೆ ಚೆಂಡು ಬರುತ್ತಿದ್ದದ್ದು ಆಮೇಲೆ. ಸತ್ನಾಮ್ ಅಲ್ಲಿ ಎಷ್ಟು ಬೇಗ ಬೆಳೆದನೆಂದರೆ ಕಾಲಿಗೆ ಶೂ ಸಿಗದಾಯಿತು. 22ರ ಅಳತೆಯ ಪಾದ! ನಮ್ಮ ಪೇಟೆಯ ಅಂಗಡಿಗಳಲ್ಲಿ ಹನ್ನೊಂದು ಕೇಳಿದರೇ "ಗೋಡೌನಿನಲ್ಲಿ ನೋಡಬೇಕು ಸಾರ್" ಅನ್ನುತ್ತಾರೆ. ಆಟಗಾರನಿಗೆ ಶೂ ಸಣ್ಣ ವಿಷಯವಲ್ಲ. ನೂರಕ್ಕಿಂತ ಹೆಚ್ಚು ಕಿಲೋ ತೂಗುವ ದೇಹ ಜಿಗಿದು ಇಳಿದಾಗ ಆ ಭಾರವೆಲ್ಲ ಮೊದಲು ಬೀಳುವುದು ಪಾದದ ಮೇಲೆ, ಆಮೇಲೆ ಮೊಣಕಾಲಿನ ಮೇಲೆ.

ಆ ಹೊತ್ತಿಗೆ ಅಮೆರಿಕದ ಎನ್‌ಬಿಎ, ಅಂದರೆ ಜಗತ್ತಿನ ಅತಿ ದೊಡ್ಡ ಬ್ಯಾಸ್ಕೆಟ್‌ಬಾಲ್ ಲೀಗ್, ಭಾರತದ ಕಡೆ ಕಣ್ಣು ಹಾಯಿಸುತ್ತಿತ್ತು. ಚೀನಾದಿಂದ ಯಾವೊ ಮಿಂಗ್ ಹೋಗಿ ಅಲ್ಲಿ ದೊಡ್ಡ ಹೆಸರು ಮಾಡಿದ್ದ. ಕೋಟಿ ಕೋಟಿ ಚೀನೀಯರು ಟಿವಿ ಮುಂದೆ ಕೂತಿದ್ದರು. ಭಾರತದಲ್ಲೂ ಒಬ್ಬ ಯಾವೊ ಸಿಕ್ಕರೆ ಎಂಬ ಲೆಕ್ಕಾಚಾರ ಯಾರಿಗಾದರೂ ಅರ್ಥವಾಗುವಂಥದ್ದೇ. 2010ರಲ್ಲಿ ಐಎಂಜಿ ರಿಲಯನ್ಸ್ ಸಂಸ್ಥೆ ಎಂಟು ಮಂದಿ ಭಾರತೀಯ ಮಕ್ಕಳಿಗೆ ವಿದ್ಯಾರ್ಥಿವೇತನ ಕೊಟ್ಟು ಫ್ಲಾರಿಡಾದ ಬ್ರೇಡೆಂಟನ್‌ನಲ್ಲಿರುವ ಐಎಂಜಿ ಅಕಾಡೆಮಿ ಎಂಬ ಕ್ರೀಡಾ ಶಾಲೆಗೆ ಕಳಿಸಿತು. ಅವರಲ್ಲಿ ಸತ್ನಾಮನೂ ಒಬ್ಬ. ವಯಸ್ಸು ಹದಿನಾಲ್ಕು, ಎತ್ತರ ಆಗಲೇ ಏಳಡಿ. ಇಂಗ್ಲಿಷ್ ಬರುತ್ತಿರಲಿಲ್ಲ.

ಇಲ್ಲಿ ಸ್ವಲ್ಪ ನಿಲ್ಲೋಣ. ಹಳ್ಳಿಯಿಂದ ಬೆಂಗಳೂರಿನ ಹಾಸ್ಟೆಲಿಗೆ ಬಂದವರು ನಿಮ್ಮಲ್ಲಿ ಎಷ್ಟೋ ಮಂದಿ ಇದ್ದೀರಿ. ಮೊದಲ ತಿಂಗಳು ಮೆಸ್ಸಿನ ಸಾರು ಗಂಟಲಲ್ಲಿ ಇಳಿಯದ್ದು ನೆನಪಿರಬಹುದು. ಈ ಹುಡುಗ ಊಟ ಬದಲಿಸಬೇಕು, ಭಾಷೆ ಕಲಿಯಬೇಕು, ಆ ಭಾಷೆಯಲ್ಲೇ ಪಾಠ ಓದಿ ಪಾಸಾಗಬೇಕು. ಇದೆಲ್ಲದರ ಜೊತೆಗೆ, ನಾಲ್ಕೈದನೇ ವಯಸ್ಸಿನಿಂದ ಚೆಂಡು ಪುಟಿಸಿಕೊಂಡು ಬಂದ ಅಮೆರಿಕದ ಹುಡುಗರ ಎದುರು ಪ್ರತಿದಿನ ನಿಲ್ಲಬೇಕು. ಕೋಚ್ ಬದಿಯಿಂದ ಏನೋ ಕೂಗುತ್ತಾರೆ. ಅದು ಅರ್ಥವಾಗುವಷ್ಟರಲ್ಲಿ ಎದುರಾಳಿ ಪಕ್ಕದಿಂದ ನುಸುಳಿರುತ್ತಾನೆ. ಬ್ಯಾಸ್ಕೆಟ್‌ಬಾಲ್‌ನಲ್ಲಿ ರಕ್ಷಣೆ ನಡೆಯುವುದೇ ಮಾತಿನ ಮೇಲೆ. "ಬಲಕ್ಕೆ ತಡೆ ಇದೆ", "ನೀನು ಬದಲಾಗು", "ನನ್ನವನು ಒಳಗೆ ಹೋದ", ಹೀಗೆ ಐವರೂ ಒಂದೇ ಸಮನೆ ಕೂಗಿಕೊಳ್ಳುತ್ತಿರುತ್ತಾರೆ. ಭಾಷೆ ಬಾರದವನು ಅಲ್ಲಿ ಅರ್ಧ ಕಿವುಡನಿದ್ದಂತೆ.

ಆದರೂ ಅವನು ಉಳಿದುಕೊಂಡ. ಮರುವರ್ಷ, ಹದಿನೈದರ ವಯಸ್ಸಿನಲ್ಲೇ, ಚೀನಾದ ವುಹಾನ್‌ನಲ್ಲಿ ನಡೆದ ಏಷ್ಯಾ ಚಾಂಪಿಯನ್‌ಶಿಪ್‌ನಲ್ಲಿ ಭಾರತದ ಹಿರಿಯರ ತಂಡಕ್ಕೆ ಆಡಿದ. ಇಂಗ್ಲಿಷ್ ಕಲಿತ. ದಪ್ಪ ಇಳಿಸಿದ. ಲೂಧಿಯಾನಾದ ಗುರು ಸುಬ್ರಮಣಿಯನ್ 2013ರಲ್ಲಿ ತೀರಿಕೊಂಡರು. ಶಿಷ್ಯನ ದೊಡ್ಡ ದಿನವನ್ನು ಅವರು ನೋಡಲಿಲ್ಲ.

ಆ ದಿನ ಬಂದದ್ದು 2015ರ ಜೂನ್ 25ರಂದು. ಎನ್‌ಬಿಎ ಡ್ರಾಫ್ಟ್. ಇದು ನಮ್ಮ ಐಪಿಎಲ್ ಹರಾಜಿನಂತಲ್ಲ, ಇಲ್ಲಿ ಹಣ ಕೂಗುವುದಿಲ್ಲ. ಮೂವತ್ತು ತಂಡಗಳು ಸರದಿಯಂತೆ ಒಬ್ಬೊಬ್ಬ ಹೊಸ ಆಟಗಾರನ ಹೆಸರು ಹೇಳುತ್ತವೆ. ಎರಡು ಸುತ್ತು, ಅರವತ್ತು ಹೆಸರು. ಸತ್ನಾಮ್ ಕಾಲೇಜಿಗೆ ಆಡಿರಲಿಲ್ಲ, ಅದಕ್ಕೆ ಬೇಕಾದ ಓದಿನ ಅರ್ಹತೆ ಕೈಗೆ ದಕ್ಕಿರಲಿಲ್ಲ. ಹತ್ತೊಂಬತ್ತು ತುಂಬಿತ್ತು, ಹಾಗಾಗಿ ನೇರವಾಗಿ ಹೆಸರು ಕೊಟ್ಟ. ಬ್ರೂಕ್ಲಿನ್‌ನ ಬಾರ್ಕ್ಲೇಸ್ ಸೆಂಟರ್‌ನಲ್ಲಿ ರಾತ್ರಿ ಸರಿಯುತ್ತಿತ್ತು. ಐವತ್ತೆರಡನೆಯ ಸರದಿ ಡಲ್ಲಾಸ್ ಮಾವೆರಿಕ್ಸ್ ತಂಡದ್ದು. ಅವರು ಹೇಳಿದ್ದು ಸತ್ನಾಮ್ ಸಿಂಗ್ ಹೆಸರು. ಭಾರತದಲ್ಲಿ ಹುಟ್ಟಿ ಬೆಳೆದ ಆಟಗಾರನೊಬ್ಬ ಡ್ರಾಫ್ಟ್‌ನಲ್ಲಿ ಆಯ್ಕೆಯಾದದ್ದು ಅದೇ ಮೊದಲು. ಅದಕ್ಕೆ ಎರಡೂವರೆ ತಿಂಗಳ ಮುಂಚೆ ಸಿಮ್ ಭುಲ್ಲರ್ ಎನ್‌ಬಿಎಯ ಸ್ಯಾಕ್ರಮೆಂಟೊ ತಂಡಕ್ಕೆ ಆಡಿದ್ದನ್ನು ಕೆಲವರು ನೆನಪಿಸಬಹುದು. ಅವನು ಪಂಜಾಬಿ ಮನೆಯವನೇ, ಆದರೆ ಹುಟ್ಟಿದ್ದು ಕೆನಡಾದಲ್ಲಿ.

ಇಲ್ಲಿ ಆಗ 26ರ ಬೆಳಗ್ಗೆ. ನನ್ನ ಆ ಆರಡಿ ನಾಲ್ಕಿಂಚಿನ ಗೆಳೆಯನ ಫೋನು. ಅವನೀಗ ಒಂದು ಬ್ಯಾಂಕಿನಲ್ಲಿದ್ದಾನೆ, ಸ್ಪೋರ್ಟ್ಸ್ ಕೋಟಾದಲ್ಲಿ ಸೇರಿದವನು. "ನೋಡಿದ್ಯೇನೋ?" ಎಂದ. ನೋಡಿದ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವನಿಗೆ ಚೆಂಡು ಮೇಲೆ ಹಿಡಿಯೋದು ಅಭ್ಯಾಸ ಆಗಿದೆಯಾ?" ಅಂದ.

ಇಡೀ ದೇಶದ ಪತ್ರಿಕೆಗಳು ಕೋಟಿಗಟ್ಟಲೆ ಜನರಲ್ಲಿ ಒಬ್ಬ ಎಂದು ಬರೆಯುತ್ತಿದ್ದಾಗ ಸರಿಯಾದ ಪ್ರಶ್ನೆ ಕೇಳಿದವನು ಅವನೊಬ್ಬನೇ ಎಂದು ನನಗೆ ಈಗ ಅನ್ನಿಸುತ್ತದೆ.

ಮೊದಲ ಸುತ್ತಿನಲ್ಲಿ ಆಯ್ಕೆಯಾದವರಿಗೆ ಕೆಲವು ವರ್ಷದ ಸಂಬಳ ಖಾತ್ರಿ. ಎರಡನೇ ಸುತ್ತಿನವರಿಗೆ ಯಾವ ಖಾತ್ರಿಯೂ ಇಲ್ಲ. ಅವರಿಗೆ ಸಿಗುವುದು ಬಾಗಿಲ ತನಕ ಬರಲು ಅನುಮತಿ, ಒಳಗೆ ಚಾಪೆ ಹಾಸಿದ್ದಾರೆ ಎಂದಲ್ಲ. ಆ ಬೇಸಿಗೆಯಲ್ಲಿ ಎನ್‌ಬಿಎ ತಂಡಗಳು ಹೊಸಬರನ್ನು ಆಡಿಸಿ ನೋಡುವ ಲಾಸ್ ವೇಗಸ್‌ನ ಸಮ್ಮರ್ ಲೀಗ್‌ನಲ್ಲಿ ಸತ್ನಾಮ್ ಆಡಿದ. ಆಮೇಲೆ ಡಲ್ಲಾಸ್ ಅವನನ್ನು ತನ್ನ ಕಿರಿಯ ತಂಡ ಟೆಕ್ಸಾಸ್ ಲೆಜೆಂಡ್ಸ್‌ಗೆ ಕಳಿಸಿತು. ಫ್ರಿಸ್ಕೊ ಎಂಬ ಊರು, ಡಿ-ಲೀಗ್ ಎಂಬ ಕಿರಿಯರ ಲೀಗ್. ಎನ್‌ಬಿಎಯವರು ವಿಮಾನವನ್ನೇ ಬಾಡಿಗೆಗೆ ಹಿಡಿದು ಹೋಗುತ್ತಾರೆ. ಇಲ್ಲಿಯ ಹುಡುಗರು ಏಳಡಿ ದೇಹವನ್ನು ಸಾಮಾನ್ಯ ಸೀಟಿನಲ್ಲಿ ಮಡಚಿಕೊಂಡು ಕೂರಬೇಕು. ಆಗ ಅಲ್ಲಿ ವರ್ಷದ ಸಂಬಳ ಹೆಚ್ಚೂಕಡಿಮೆ 13 ಸಾವಿರದಿಂದ 26 ಸಾವಿರ ಡಾಲರ್. ಎರಡು ಸೀಸನ್ ಅಲ್ಲಿದ್ದ. ಆಡಿದ್ದಕ್ಕಿಂತ ಬೆಂಚಿನ ಮೇಲೆ ಕೂತದ್ದೇ ಹೆಚ್ಚು. ಎನ್‌ಬಿಎಯ ಒಂದು ಪಂದ್ಯವೂ ಅವನಿಗೆ ಸಿಗಲಿಲ್ಲ.

ಏಕೆ? ನಿಧಾನದ ಕಾಲು ಎಂದರು. ನಿಜವೇ. ಆದರೆ ಇನ್ನೊಂದು ಮಾತೂ ಇದೆ, ಅದನ್ನು ಬಿಟ್ಟರೆ ಈ ಹುಡುಗನಿಗೆ ಅನ್ಯಾಯವಾಗುತ್ತದೆ.

ಡ್ರಾಫ್ಟ್‌ಗೆ ಒಂಬತ್ತು ದಿನ ಮುಂಚೆ, ಜೂನ್ 16ರಂದು, ಗೋಲ್ಡನ್ ಸ್ಟೇಟ್ ವಾರಿಯರ್ಸ್ ತಂಡ ಎನ್‌ಬಿಎ ಕಪ್ ಗೆದ್ದಿತ್ತು. ಗೆದ್ದದ್ದು ಹೇಗೆ ಗೊತ್ತೇ? ಫೈನಲ್ ಸರಣಿಯಲ್ಲಿ ಕ್ಲೀವ್‌ಲ್ಯಾಂಡ್ ಎರಡು-ಒಂದರಿಂದ ಮುಂದಿದ್ದಾಗ, ನಾಲ್ಕನೇ ಪಂದ್ಯಕ್ಕೆ ವಾರಿಯರ್ಸ್ ಕೋಚ್ ಸ್ಟೀವ್ ಕರ್ ತನ್ನ ಏಳಡಿ ಎತ್ತರದ ಆ್ಯಂಡ್ರ್ಯೂ ಬೋಗಟ್‌ನನ್ನು ಬೆಂಚಿಗೆ ಕಳಿಸಿ ಆರಡಿ ಆರಿಂಚಿನ ಆಂಡ್ರೆ ಇಗ್ವಾಡಲನನ್ನು ಇಳಿಸಿದರು. ಆಮೇಲೆ ಒಂದೂ ಪಂದ್ಯ ಸೋಲಲಿಲ್ಲ. ಇಗ್ವಾಡಲನೇ ಸರಣಿಯ ಶ್ರೇಷ್ಠ ಆಟಗಾರನಾದ. ಎಲ್ಲ ತಂಡಗಳೂ ಅದನ್ನು ನೋಡಿದವು. ಆಟವೇ ಹೊರಕ್ಕೆ ಹರಡಿಕೊಳ್ಳುತ್ತಿತ್ತು. ಬುಟ್ಟಿಯ ಕೆಳಗೆ ಜಗಳವಾಡುವುದು ಬಿಟ್ಟು, ಏಳು ಮೀಟರಿಗೂ ದೂರದ ಗೆರೆಯಾಚೆಯಿಂದ ಎಸೆದು ಮೂರು ಅಂಕ ಗಳಿಸುವ ಆಟ.

ಇದರಿಂದ ದೈತ್ಯನಿಗೆ ಬಂದ ಕಷ್ಟವನ್ನು ಕಣ್ಣಿಗೆ ಕಟ್ಟಿಕೊಳ್ಳಿ. ಎದುರಾಳಿಯ ಗಾರ್ಡ್, ಅಂದರೆ ಚೆಂಡು ಮುಂದೆ ತರುವ ಆಟಗಾರ, ಚೆಂಡು ಪುಟಿಸುತ್ತ ಬರುತ್ತಾನೆ. ಅವನ ಜೊತೆಗಾರನೊಬ್ಬ ಬಂದು, ಗಾರ್ಡ್‌ನನ್ನು ಕಾಯುತ್ತಿರುವವನಿಗೆ ಗೋಡೆಯಂತೆ ಅಡ್ಡ ನಿಲ್ಲುತ್ತಾನೆ. ಈಗ ಆ ಚುರುಕು ಗಾರ್ಡ್‌ನನ್ನು ತಡೆಯುವ ಕೆಲಸ ನಮ್ಮ ದೈತ್ಯನ ಪಾಲಿಗೆ. ಬುಟ್ಟಿಯ ಹತ್ತಿರ ನಿಂತರೆ ಅವನು ದೂರದಿಂದಲೇ ಎಸೆಯುತ್ತಾನೆ. ಮುಂದೆ ಓಡಿದರೆ ಪಕ್ಕದಿಂದ ಜಾರಿ ಒಳಗೆ ಹೋಗುತ್ತಾನೆ. 130 ಕಿಲೋ ತೂಕದ ಮನುಷ್ಯ ಮುಂದಕ್ಕೆ ಓಡಿ, ಗಕ್ಕನೆ ನಿಂತು, ಪಕ್ಕಕ್ಕೆ ಜಾರಿ, ಮತ್ತೆ ಹಿಂದೆ ಓಡಬೇಕು, ಎರಡು ಮೂರು ಸೆಕೆಂಡಿನಲ್ಲಿ. ಹೀಗೆ ಪಂದ್ಯವೊಂದರಲ್ಲಿ ಹತ್ತಾರು ಸಲ. ಸತ್ನಾಮ್ ಹುಡುಗನಿದ್ದಾಗ ಅವನಂಥವರನ್ನು ಹುಡುಕಿಕೊಂಡು ಊರೂರು ಅಲೆಯುತ್ತಿದ್ದರು. ಅವನು ಬಾಗಿಲು ತಟ್ಟುವ ಹೊತ್ತಿಗೆ ಒಳಗೆ ಬೇರೆ ಆಟ ಶುರುವಾಗಿತ್ತು. ಬತ್ತ ಬಿತ್ತಿ ಕಟಾವಿಗೆ ನಿಂತಾಗ ಸಂತೆಯಲ್ಲಿ ಎಲ್ಲರೂ ರಾಗಿ ಕೇಳುತ್ತಿದ್ದರೆ ರೈತ ಏನು ಮಾಡಬೇಕು?

ಇನ್ನು ನಮ್ಮ ಕಡೆಯ ತಪ್ಪು. ಲೆಜೆಂಡ್ಸ್ ಬಿಟ್ಟು ಬಂದವನಿಗೆ ಇಲ್ಲಿ ವರ್ಷವಿಡೀ ನಡೆಯುವ, ಗಟ್ಟಿಯಾದ ವೃತ್ತಿಪರ ಲೀಗೇ ಇರಲಿಲ್ಲ. ನಮ್ಮಲ್ಲಿ ಬ್ಯಾಸ್ಕೆಟ್‌ಬಾಲ್ ಆಡಿದವನ ದಾರಿ ಎಂದಿನಿಂದಲೂ ಒಂದೇ: ರೈಲ್ವೆ, ಒಎನ್‌ಜಿಸಿ, ಇಂಡಿಯನ್ ಓವರ್ಸೀಸ್ ಬ್ಯಾಂಕ್, ನಮ್ಮ ಹಳೆಯ ವಿಜಯಾ ಬ್ಯಾಂಕ್. ಆಡು, ಕೆಲಸ ಹಿಡಿ, ಪೆನ್ಷನ್ ನೋಡಿಕೊ. ನನ್ನ ಗೆಳೆಯನದೂ ಅದೇ ದಾರಿ. ಅದನ್ನು ನಾನು ಹಳಿಯುವುದಿಲ್ಲ, ಎಷ್ಟೋ ಮನೆಗಳಲ್ಲಿ ಒಲೆ ಉರಿದದ್ದು ಅದರಿಂದಲೇ. ಆದರೆ ಬುಟ್ಟಿಯ ಕೆಳಗೆ ನಿಲ್ಲುವ ಸೆಂಟರ್ ಆಟಗಾರ ಇಪ್ಪತ್ತೊಂದರ ಹರೆಯದಲ್ಲಿ ಸುಧಾರಿಸುವುದು ವಾರಕ್ಕೆ ಮೂರು ಪಂದ್ಯ ಆಡಿ ಸೋತು ಗೆದ್ದಾಗ. ಸತ್ನಾಮ್ 2018ರಲ್ಲಿ ಕೆನಡಾದ ಸೇಂಟ್ ಜಾನ್ಸ್ ಎಡ್ಜ್ ತಂಡಕ್ಕೆ ಹೋದ, ಚಳಿಯ ನ್ಯೂಫೌಂಡ್‌ಲ್ಯಾಂಡ್‌ಗೆ.

ಕೊನೆಗೆ ಕಥೆ ನಮ್ಮ ಬೆಂಗಳೂರಿಗೂ ಬಂತು, ಒಳ್ಳೆಯ ಸುದ್ದಿಯಾಗಿ ಅಲ್ಲ. 2019ರ ನವೆಂಬರ್‌ನಲ್ಲಿ ದಕ್ಷಿಣ ಏಷ್ಯಾ ಕ್ರೀಡಾಕೂಟಕ್ಕೆ ಭಾರತ ತಂಡದ ಶಿಬಿರ ಇಲ್ಲಿ ನಡೆಯುತ್ತಿದ್ದಾಗ ಉದ್ದೀಪನ ಮದ್ದಿನ ಪರೀಕ್ಷೆಯಾಯಿತು. ಅವನ ಮಾದರಿಯಲ್ಲಿ ಹೈಜಿನಮೈನ್ ಎಂಬ ನಿಷೇಧಿತ ವಸ್ತು ಸಿಕ್ಕಿತು. ಎರಡು ವರ್ಷ ನಿಷೇಧ. ಇಪ್ಪತ್ತಮೂರರಿಂದ ಇಪ್ಪತ್ತೈದು, ಎತ್ತರದ ಆಟಗಾರನ ಮೈ ಹದಕ್ಕೆ ಬರುವ ವಯಸ್ಸು. ಅದು ಹಾಗೇ ಕಳೆಯಿತು.

ಅಷ್ಟರಲ್ಲಿ ಲೂಧಿಯಾನಾದ ಅದೇ ಅಂಕಣದಲ್ಲಿ ಚೆಂಡು ಹಿಡಿದ ಪ್ರಿನ್ಸ್‌ಪಾಲ್ ಸಿಂಗ್ ಅಮೆರಿಕಕ್ಕೆ ಹೋಗಿದ್ದ. 2021ರಲ್ಲಿ ಸಮ್ಮರ್ ಲೀಗ್ ಗೆದ್ದ ಸ್ಯಾಕ್ರಮೆಂಟೊ ತಂಡದಲ್ಲಿ ಅವನಿದ್ದ. ಸತ್ನಾಮ್ ಆ ವರ್ಷವೇ ಅಮೆರಿಕದ ವೃತ್ತಿಪರ ಕುಸ್ತಿ ಕಂಪನಿ ಎಇಡಬ್ಲ್ಯು ಜೊತೆ ಕರಾರು ಮಾಡಿಕೊಂಡ. ಅಲ್ಲಿ ಎತ್ತರ ಇವತ್ತಿಗೂ ಮಾರಾಟವಾಗುವ ಸರಕು.

ಅವನು ರಿಂಗಿಗೆ ಇಳಿದ ವಿಡಿಯೊವನ್ನು ಗೆಳೆಯನಿಗೆ ಕಳಿಸಿದ್ದೆ. ಬಯ್ಯಬಹುದು, ಇಲ್ಲ ಮರುಗಬಹುದು ಅಂದುಕೊಂಡಿದ್ದೆ. ಬ್ಯಾಂಕ್ ಮುಗಿಸಿ ಸಂಜೆ ಫೋನ್ ಮಾಡಿದ. ಎರಡು ಸಲ ನೋಡಿದನಂತೆ. "ಅವನ ಕಾಲು ನೋಡಿದ್ಯಾ?" ಎಂದ. "ಈಗ ಎಷ್ಟು ಚೆನ್ನಾಗಿ ತಿರುಗ್ತಾನೆ ಕಣೋ."

ನಮಸ್ಕಾರ.