ಒಂದು ಕಾಳು ತಳ ಸೇರೋಷ್ಟರಲ್ಲಿ

ಈ ಬಾಟಲಿ ನೋಡಿ. ಒಂದು ಹಿಡಿ ಕಡಲ ಮರಳು, ಉಳಿದಿದ್ದೆಲ್ಲ ನೀರು. ಚೆನ್ನಾಗಿ ಕುಲುಕಿ ನೆಟ್ಟಗೆ ಇಡ್ತೀನಿ. ದಪ್ಪ ಕಾಳು ಆಗಲೇ ತಳ ಸೇರಿತು. ನುಣುಪು ಮರಳು ಮಾತ್ರ ಇನ್ನೂ ಹೊಗೆ ಥರ ಸುತ್ತುತ್ತಾ ಇದೆ. ಬೀಚುಗಳನ್ನ ವಿಂಗಡಿಸೋ ಲೆಕ್ಕ ಶುರುವಾಗೋದೇ ಇಲ್ಲಿಂದ.

ಅಲೆ ಒಡೆದಾಗ ಮರಳು ಮೇಲೇಳುತ್ತೆ. ಮುಂದಿನ ಅಲೆ ಬರೋಷ್ಟರಲ್ಲಿ ಅದು ಕೆಳಗೆ ಕೂರುತ್ತಾ, ಇಲ್ವಾ? ಪ್ರಶ್ನೆ ಇಷ್ಟೇ. ಅಲೆ ಅರ್ಧ ಮೀಟರ್ ಎತ್ತರ, ಹತ್ತು ಸೆಕೆಂಡಿಗೊಂದು ಬರುತ್ತೆ ಅಂದ್ಕೊಳ್ಳಿ. ದಪ್ಪ ಕಾಳು ಸೆಕೆಂಡಿಗೆ 8 ಸೆಂಟಿಮೀಟರ್ ಇಳಿದರೆ ಆರು ಸೆಕೆಂಡು ಚಿಲ್ಲರೆಯಲ್ಲಿ ಅಲೆಯ ಎತ್ತರದಷ್ಟು ಇಳಿದು ಆಯ್ತು. ಆರನ್ನ ಹತ್ತರಿಂದ ಭಾಗಿಸಿದ್ರೆ 0.6. ಈಗ ಎರಡು ಮೀಟರಿನ ಅಲೆ, ಎಂಟು ಸೆಕೆಂಡಿಗೊಂದು. ನುಣುಪು ಮರಳು ಇಳಿಯೋದು ಸೆಕೆಂಡಿಗೆ ಎರಡೂವರೆ ಸೆಂಟಿಮೀಟರ್. ಎಂಬತ್ತು ಸೆಕೆಂಡು ಬೇಕು, ಅಷ್ಟರಲ್ಲಿ ಹತ್ತು ಅಲೆ ಬಂದು ಹೋಗಿರುತ್ತೆ. ಪಾಪ, ಆ ಕಾಳಿಗೆ ಕೂರೋಕೆ ಪುರುಸೊತ್ತೇ ಇಲ್ಲ!

ಕಾಳು ಅಲೆಯ ಎತ್ತರದಷ್ಟು ಇಳಿಯೋಷ್ಟರಲ್ಲಿ ಎಷ್ಟು ಅಲೆ ಬರುತ್ತೆ ಅನ್ನೋ ಈ ಸಂಖ್ಯೆಗೆ (ಮೊದಲು 0.6, ಆಮೇಲೆ 10) ಒಮೆಗಾ ಅಂತಾರೆ. ಆಸ್ಟ್ರೇಲಿಯಾದ ಬೀಚುಗಳನ್ನ ವರ್ಷಗಟ್ಟಲೆ ಅಳೆದ ರೈಟ್ ಮತ್ತು ಶಾರ್ಟ್ 1984ರಲ್ಲಿ ಇದನ್ನಿಟ್ಟುಕೊಂಡೇ ಬೀಚುಗಳನ್ನ ಬಗೆಬಗೆಯಾಗಿ ವಿಂಗಡಿಸಿದರು.

ಒಂದಕ್ಕಿಂತ ಕಮ್ಮಿ ಬಂದರೆ ದಡ ಕಡಿದಾಗಿರುತ್ತೆ. ಅಲೆ ಕಾಲಬುಡಕ್ಕೇ ಬಂದು ಅಪ್ಪಳಿಸಿ, ಅದರ ಶಕ್ತಿಯ ಒಂದಷ್ಟು ಪಾಲು ವಾಪಸ್ ಕಡಲಿಗೇ ಪುಟಿಯುತ್ತೆ. ಇಂಥ ಕಡೆ ನಾನೊಮ್ಮೆ ಮೊಣಕಾಲುದ್ದ ನೀರಲ್ಲಿ ನಿಂತಿದ್ದೆ, ಇನ್ನೆರಡು ಹೆಜ್ಜೆ ಇಟ್ಟೆ, ಎದೆಮಟ್ಟ! ಆರಕ್ಕಿಂತ ಜಾಸ್ತಿ ಬಂದರೆ ತದ್ವಿರುದ್ಧ. ಅಗಲವಾದ ಚಪ್ಪಟೆ ಬೀಚು, ಅಲೆಗಳು ದೂರದಲ್ಲೇ ಒಡೆದು ಸಾಲುಸಾಲಾಗಿ ಸುಸ್ತಾಗಿ ಬರುತ್ತವೆ.

ನಂಗೆ ಭಯ ಹುಟ್ಟಿಸೋದು ಒಂದರಿಂದ ಆರರ ನಡುವಿನವು. ಈ ಶಾಟ್‌ನಲ್ಲಿ ನೋಡಿ: ಎಡಕ್ಕೂ ಬಲಕ್ಕೂ ಬಿಳಿ ನೊರೆ, ಮಧ್ಯದಲ್ಲಿ ಕಪ್ಪಗೆ, ಸಮತಟ್ಟಾಗಿ ಒಂದು ಪಟ್ಟಿ. ಇಳಿಯೋಕೆ ಇದೇ ಒಳ್ಳೇ ಜಾಗ ಅನ್ಸುತ್ತೆ ಅಲ್ವಾ? ಅಲ್ಲೇ ಇಳೀಬಾರದು. ನೊರೆ ಇರೋ ಕಡೆ ಕೆಳಗೆ ಮರಳಿನ ದಿಣ್ಣೆ ಇದೆ. ಅದನ್ನ ದಾಟಿ ಒಳಗೆ ನುಗ್ಗಿದ ನೀರೆಲ್ಲ ವಾಪಸ್ ಹೋಗೋದು ಈ ಪಟ್ಟಿಯಿಂದ. ಅಲ್ಲಿ ಆಳ ಜಾಸ್ತಿ, ಹಾಗಾಗಿ ಅಲೆ ಒಡೆಯಲ್ಲ. ನೋಡೋಕೆ ಶಾಂತ, ಒಳಗೆ ಸೆಳೆತ.

ಉಬ್ಬರವಿಳಿತ ಎಲ್ಲಿ ಹೋಯ್ತು ಅಂತೀರಾ? ಅದನ್ನ 1993ರಲ್ಲಿ ಮಾಸೆಲಿಂಕ್ ಮತ್ತು ಶಾರ್ಟ್ ಸೇರಿಸಿದರು. ಉಬ್ಬರಕ್ಕೂ ಇಳಿತಕ್ಕೂ ಇರೋ ಎತ್ತರದ ವ್ಯತ್ಯಾಸವನ್ನ ಅಲೆಯ ಎತ್ತರದಿಂದ ಭಾಗಿಸಬೇಕು. ಮೂರರೊಳಗಿದ್ದರೆ ಅಲೆಯದ್ದೇ ರಾಜ್ಯಭಾರ. ಹದಿನೈದು ದಾಟಿದರೆ ಬೀಚು ಹೋಗಿ ಉಬ್ಬರದ ಬಯಲಾಗುತ್ತೆ. ಅಲೆ ಒಡೆಯೋ ಗೆರೆ ದಿನವಿಡೀ ಹಿಂದೆ ಮುಂದೆ ಸರೀತಾನೇ ಇದ್ದರೆ ದಿಣ್ಣೆ ಕಟ್ಟೋಕೆ ಸಮಯ ಎಲ್ಲಿ ಸಿಗಬೇಕು?

ಬೀಚಿಗೆ ಒಂದ್ಸಲ ಹೆಸರಿಟ್ಟರೆ ಅದು ಖಾಯಂ ಅಲ್ಲ ಮತ್ತೆ. ಸಿಡ್ನಿಯ ನ್ಯಾರಬೀನ್ ಬೀಚನ್ನ 1976ರಿಂದ ಅಳೀತಾನೇ ಇದಾರೆ, ಅದು ಬದಲಾಗ್ತಾನೇ ಇದೆ. ಈಗ ನನ್ನವೇ ಎರಡು ಕ್ಲಿಪ್ ಅಕ್ಕಪಕ್ಕ ಹಾಕ್ತೀನಿ. ಒಂದೇ ಜಾಗ, ಬಿರುಗಾಳಿಗೆ ಮುಂಚೆ, ಆಮೇಲೆ. ನಾನು ಕೂತಿದ್ದ ಆ ಮರಳಿನ ಮೆಟ್ಟಿಲು ಬಲಗಡೆ ಕ್ಲಿಪ್‌ನಲ್ಲಿ ಕಾಣಲ್ಲ. ಅಲ್ಲಿ ದೂರದಲ್ಲಿ ಹೊಸದಾಗಿ ಬೆಳ್ಳಗೆ ಒಡೀತಿರೋ ಸಾಲಿದೆಯಲ್ಲ, ಅದರ ಕೆಳಗೆ ಹೋಗಿ ಕೂತಿದೆ.