ಬರ್ಟ್ರಾಂಡ್‌ಗೆ ಗೊತ್ತಿತ್ತೇ?

ಕೇಳುಗರಿಗೆ ನಮಸ್ಕಾರ.

ಫ್ರಾನ್ಸಿನ ದಕ್ಷಿಣದಲ್ಲಿ, ಪಿರಿನೀಸ್ ಬೆಟ್ಟಗಳ ಬುಡದಲ್ಲಿ ಆರ್ತಿಗಾ ಅಂತ ಒಂದು ಹಳ್ಳಿ. 1548ರಲ್ಲಿ ಅಲ್ಲಿನ ರೈತ ಮಾರ್ಟಿನ್ ಗೆರ್ ಅಪ್ಪನ ಧಾನ್ಯ ಕದ್ದ ಆರೋಪ ಹೊತ್ತು ಊರು ಬಿಟ್ಟ. ಮನೆಯಲ್ಲಿ ಹೆಂಡತಿ ಬರ್ಟ್ರಾಂಡ್, ಕೈಗೂಸು ಮಗ. ಆಮೇಲೆ ಅವನ ಸುದ್ದಿಯೇ ಇಲ್ಲ.

ಗಂಡ ಸತ್ತದ್ದಕ್ಕೆ ಗಟ್ಟಿ ಸಾಕ್ಷಿ ಇಲ್ಲದೆ ಹೆಂಡತಿ ಮರುಮದುವೆ ಆಗುವ ಹಾಗಿರಲಿಲ್ಲ. ಎಷ್ಟು ವರ್ಷ ಕಳೆದರೂ ಚರ್ಚಿನ ಕಾನೂನು ಅದೇ. ಬರ್ಟ್ರಾಂಡ್ ಅತ್ತ ಹೆಂಡತಿಯೂ ಅಲ್ಲ, ಇತ್ತ ವಿಧವೆಯೂ ಅಲ್ಲ. ಆಕೆ ಸುಮ್ನೆ ಹೇಳಿದಂತೆ ಕೇಳುವವಳೂ ಅಲ್ಲ. ಮದುವೆಯಾಗಿ ಎಂಟು ವರ್ಷ ಗಂಡಹೆಂಡಿರ ಸಂಬಂಧ ಕೂಡಿಬಂದಿರಲಿಲ್ಲ. ಯಾರೋ ಮಾಟ ಮಾಡಿಸಿದ್ದಾರೆ ಅಂದುಕೊಂಡರು. ಬಿಟ್ಟುಬಿಡು ಅಂತ ತವರಿನವರು ಒತ್ತಾಯಿಸಿದರೂ ಆಕೆ ಒಪ್ಪಿರಲಿಲ್ಲ.

1556ರಲ್ಲಿ ಒಬ್ಬ ಬಂದ. ನಾನೇ ಮಾರ್ಟಿನ್ ಅಂದ. ತಂಗಿಯರು ಗುರುತಿಸಿದರು, ಚಿಕ್ಕಪ್ಪ ಪಿಯೇರ್ ಒಪ್ಪಿದ. ರೈತರ ಮನೆಗಳಲ್ಲಿ ಯಾರ ಚಿತ್ರವೂ ಇರದ ಕಾಲ ಅದು. ಇದ್ದದ್ದು ನೆನಪು ಮಾತ್ರ, ಆ ನೆನಪು ಬಂದವನ ಬಾಯಲ್ಲಿ ಧಾರಾಳವಾಗಿತ್ತು. ಬರ್ಟ್ರಾಂಡ್ ಹಿಂಜರಿದಾಗ, ಪೆಟ್ಟಿಗೆಯಲ್ಲಿ ಬಿಟ್ಟುಹೋಗಿದ್ದ ನನ್ನ ಬಿಳಿ ಕಾಲುಚೀಲ ತಾ ಅಂದನಂತೆ!

ಮೂರು ವರ್ಷ ಸಂಸಾರ ನಡೆಯಿತು. ಇಬ್ಬರು ಹೆಣ್ಣುಮಕ್ಕಳು ಹುಟ್ಟಿ, ಒಬ್ಬಳು ಉಳಿದಳು. ಆಮೇಲೆ ಅವನು ಚಿಕ್ಕಪ್ಪನನ್ನು ಇಷ್ಟು ವರ್ಷದ ಜಮೀನಿನ ಲೆಕ್ಕ ಕೇಳಿದ. ಅಲ್ಲಿಯವರೆಗೆ ಅವನು ಸ್ವಂತ ಅಣ್ಣನ ಮಗ. ಲೆಕ್ಕ ಕೇಳಿದ ಮೇಲೆ ಮೋಸಗಾರ. ಪಿಯೇರ್ ಬರ್ಟ್ರಾಂಡ್ ಹೆಸರಿನಲ್ಲೇ ದಾವೆ ಹೂಡಿದ. ಆತ ಆಕೆಯ ತಾಯಿಯನ್ನೂ ಮದುವೆಯಾಗಿದ್ದ, ಅದು ಬೇರೆ ಒತ್ತಡ.

1560ರಲ್ಲಿ ರಿಯೂ ಊರಿನ ನ್ಯಾಯಾಲಯದಲ್ಲಿ ಸುಮಾರು 150 ಸಾಕ್ಷಿಗಳು ಬಂದರು. ಅವನೇ ಅಂತ ಕೆಲವರು, ಅಲ್ಲ ಅಂತ ಕೆಲವರು. ಗೊತ್ತಾಗುತ್ತಿಲ್ಲ ಅಂದವರೂ ಬಹಳ. ಮಾರ್ಟಿನ್ ಪಾದ ಇವನದಕ್ಕಿಂತ ದೊಡ್ಡದು ಅಂತ ಚಮ್ಮಾರ ಹೇಳಿದ. ಮರಣದಂಡನೆ ಆಯಿತು. ಮೇಲ್ಮನವಿ ತುಲೂಸ್ ನಗರದ ಉಚ್ಚ ನ್ಯಾಯಾಲಯಕ್ಕೆ ಹೋಯಿತು. ಅಲ್ಲಿ ನ್ಯಾಯಾಧೀಶ ಜಾನ್ ದ ಕೋರಾ ಮತ್ತು ಜೊತೆಯವರು ಆರೋಪಿಯ ಕಡೆಗೇ ವಾಲುತ್ತಿದ್ದರು. ಆಗ ಮರದ ಕಾಲಿನ ಒಬ್ಬ ಕುಂಟುತ್ತಾ ಒಳಗೆ ಬಂದ. ಅವನೇ ನಿಜವಾದ ಮಾರ್ಟಿನ್. ಸ್ಪೇನಿನ ಪಡೆಯಲ್ಲಿ ಫ್ರಾನ್ಸ್ ವಿರುದ್ಧ ಹೋರಾಡಿ ಕಾಲು ಕಳೆದುಕೊಂಡಿದ್ದ. ಆರೋಪಿಯ ನಿಜ ಹೆಸರು ಅರ್ನೋ ದ್ಯು ತಿಲ್.

ಬರ್ಟ್ರಾಂಡ್‌ಗೆ ಗೊತ್ತಿತ್ತೇ? ಇತಿಹಾಸಕಾರರು ಇಂದಿಗೂ ವಾದಿಸುತ್ತಾರೆ. ಗೊತ್ತಿತ್ತು ಅಂತಲೇ ನನಗನ್ನಿಸುತ್ತದೆ. ಜೊತೆಗೆ ಬಾಳಿದ ಗಂಡನ ಮೈ ಹೆಂಡತಿಗೆ ಮರೆತುಹೋಗುತ್ತದೆಯೇ? ಆದರೆ ಗೊತ್ತಿದ್ದರೆ ಆಕೆ ಮಾಡಿದ್ದು ಮೋಸ ಅನ್ನಲು ಮಾತ್ರ ಮನಸ್ಸು ಬಾರದು. ಕಾನೂನು ಬೇರೆ ಗಂಡನನ್ನು ಕೊಡಲಿಲ್ಲ, ಹಳೇ ಗಂಡನ ಹೆಸರಲ್ಲೇ ಒಬ್ಬ ಬಂದ. ಬಾಗಿಲು ತೆರೆದಳು, ಅಷ್ಟೇ ಅಲ್ವಾ?

ಕ್ಷಮೆ ಕೇಳಿದ ಆಕೆಯ ಮೇಲೆ ಮಾರ್ಟಿನ್ ಕೋಪವನ್ನೇ ತೋರಿಸಿದ. ಸಂಸಾರ ಬಿಟ್ಟು ಓಡಿದವನು ನೀನೇ ಅಂತ ನ್ಯಾಯಾಧೀಶರು ಅವನಿಗೆ ನೆನಪಿಸಬೇಕಾಯಿತು. ಅರ್ನೋ ತಪ್ಪೊಪ್ಪಿಕೊಂಡ. 1560ರ ಸೆಪ್ಟೆಂಬರ್ 16ರಂದು ಗೆರ್ ಮನೆಯ ಮುಂದೆಯೇ ಅವನನ್ನು ಗಲ್ಲಿಗೇರಿಸಿದರು. ಬರ್ಟ್ರಾಂಡ್‌ಗೆ ಶಿಕ್ಷೆಯಾಗಲಿಲ್ಲ. ತಾಯಿ ಅವನನ್ನು ಗಂಡನೆಂದು ನಂಬಿದ್ದಳು ಎಂದು ನ್ಯಾಯಾಲಯ ಒಪ್ಪಿದ್ದರಿಂದ ಉಳಿದಿದ್ದ ಮಗಳು ಸಕ್ರಮ ಸಂತಾನ ಎನಿಸಿದಳು. ಅರ್ನೋ ಆಸ್ತಿಯೂ ಅವಳಿಗೇ ಸೇರಿತು.